ಬೆಟ್ಟದಾಚೆಯ ಎಡೆ

ಸ್ನೊಕ್ವಾಲ್ಮಿ
೨ ಅಕ್ಟೋಬರ್ ೨೦೧೬

ಅತ್ತೆಯವರಿಗೆ ಪೂಜಿತಾ ಮಾಡುವ ನಮಸ್ಕಾರಗಳು.

ಫೋನಿನಲ್ಲಿ ನಿಮಗೆ ನನ್ನ ಮಾತು ಕೇಳುವುದಿಲ್ಲ. ರಮೇಶ್ ನಿಮ್ಮ ಪಕ್ಕದಲ್ಲಿ ನಿಂತು ಕೂಗಿ ಹೇಳಿದರೆ ನಿಮ್ಮ ಬೀದಿಗೆಲ್ಲ ಕೇಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಹೇಳಿದಂತೆ ಮಹಾಲಯ ಅಮಾವಾಸ್ಯೆಗೆ ಕೇಶವ್‌ಗೆ ಎಡೆ ಇಟ್ಟೆ. ಮುದ್ದೆ, ಹುರುಳಿಕಾಳು ಬಸ್ಸಾರು, ಉದ್ದಿನ ವಡೆ, ಶಾವಿಗೆ ಪಾಯಸ. ಬಾಳೆಲೆ ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿತ್ತು, ಬಿಸಿನೀರಿನಲ್ಲಿ ನೆನೆಸಿ ಬಿಡಿಸಿದೆ. ಹಿತ್ತಲ ಕಟ್ಟೆಯ ಮೇಲಿಟ್ಟು ಕರೆದೆ. ಕಾಗೆಗಳು ಪಕ್ಕದ ಮನೆಯ ಸೂರಿನ ಮೇಲೆ ಸಾಲಾಗಿ ಕೂತು ನೋಡಿದವೇ ಹೊರತು ಒಂದೂ ಇಳಿಯಲಿಲ್ಲ. ಅಷ್ಟರಲ್ಲಿ ಮಳೆ ಶುರುವಾಯಿತು. ಇಲ್ಲಿ ಮಳೆ ಶುರುವಾದರೆ ಮುಂದಿನ ಬೇಸಿಗೆಗೇ ನಿಲ್ಲುವುದು. ಅನುಶ್ರೀ ಸ್ಕೂಲಿನಿಂದ ಬಂದು, "ಅಮ್ಮ, ವೈ ಈಸ್ ಅಪ್ಪಾಸ್ ಫುಡ್ ಗೆಟಿಂಗ್ ವೆಟ್?" ಅಂದಳು. ಪಾಯಸದ ತುಂಬ ನೀರು ನಿಂತಿತ್ತು.

ಕಾಗೆ ಮುಟ್ಟುವ ತನಕ ಮನೆಯವರು ಉಣ್ಣಬಾರದು ಎಂದಿದ್ದಿರಿ. ಸಂಜೆಯವರೆಗೆ ಕಾದೆ. ಆಮೇಲೆ ಮಗುವಿಗೆ ಹಸಿವು, ನನಗೂ ಹಸಿವು. ಎಡೆಯನ್ನು ಕಸದ ಡಬ್ಬಕ್ಕೆ ಹಾಕಿ ಇಬ್ಬರೂ ನೂಡಲ್ಸ್ ತಿಂದೆವು. ತಪ್ಪು ಮಾಡಿದೆನೇನೋ ಅತ್ತೆ, ಏನು ಮಾಡಬೇಕೋ ತಿಳಿಯಲಿಲ್ಲ. ಭೀಮನ ಅಮಾವಾಸ್ಯೆಯ ದಾರ ಇನ್ನೂ ಕೈಯಲ್ಲೇ ಇತ್ತು, ಅವರು ಹೋದಾಗ. ಅಲ್ಲಿಂದ ಈಚೆಗೆ ನಾನು ಯಾವುದನ್ನೂ ಸರಿಯಾಗಿ ಮಾಡಿದ ನೆನಪಿಲ್ಲ.

ನಿಮ್ಮ ಸೊಸೆ
ಪೂಜಿತಾ

*

ಕಡೂರು
೧೬ ಅಕ್ಟೋಬರ್ ೨೦೧೬

ಚಿ. ಪೂಜಿತಾಳಿಗೆ ದೇವೀರಮ್ಮನ ಆಶೀರ್ವಾದಗಳು.

ಇಷ್ಟು ವರ್ಷ 'ಚಿ. ಸೌ.' ಎಂದು ಬರೆದು ರೂಢಿಯಾದ ಕೈ. ಇವತ್ತು ಎರಡನೇ ಅಕ್ಷರಕ್ಕೇ ನಿಂತಿತು. ಕಾಗದ ಹರಿದು ಬೇರೆ ತೆಗೆದುಕೊಂಡೆ.

ನೂಡಲ್ಸ್ ತಿಂದದ್ದಕ್ಕೆ ಯಾವ ದೋಷವೂ ಇಲ್ಲ. ಆದರೆ ಕಾಗೆ ಮುಟ್ಟಲಿಲ್ಲ ಅಂದರೆ ಕೇಶವನ ಮನಸ್ಸಿನಲ್ಲಿ ಏನೋ ಉಳಿದಿದೆ. ನಿಮ್ಮ ಮಾವ ಹೋದಾಗಲೂ ಹೀಗೇ ಆಗಿತ್ತು. ಆಗ ನಮ್ಮ ಅತ್ತೆ ಬೆಟ್ಟಮ್ಮನವರು ಎಡೆಯ ಮುಂದೆ ನಿಂತು, "ಮಕ್ಕಳನ್ನ ಓದಿಸ್ತೀವಿ ಕಣಪ್ಪಾ, ನೀನು ಉಣ್ಣು" ಅಂದರು. ಆ ಕ್ಷಣಕ್ಕೆ ಕಾಗೆ ಇಳಿಯಿತು. ನೀನೂ ಮಾತು ಕೊಡಬೇಕು. ಅವನಿಗೆ ಏನು ಬೇಕಿತ್ತೆಂದು ನಿನಗಲ್ಲದೆ ಯಾರಿಗೆ ಗೊತ್ತು?

ವರ್ಷ ತುಂಬುವ ತನಕ ಪ್ರತಿ ಅಮಾವಾಸ್ಯೆಗೂ ಇಡು. ವಾರದ ನಡುವೆ ಬಂದರೆ ರಜೆ ಹಾಕಬೇಡ. ಆ ದೇಶದಲ್ಲಿ ಶನಿವಾರ ಯಾವತ್ತೋ ಅವತ್ತೇ ಅಮಾವಾಸ್ಯೆ ಅಂದುಕೊ. ಮಳೆ ಇಲ್ಲದ ಕಡೆ ಹೋಗಿ ಇಟ್ಟರೂ ನಡೆಯುತ್ತದೆ. ಅವನು ನಮ್ಮೂರ ಕಾವಲಿನಂತಹ ಹುಲ್ಲುಬಯಲೊಂದಿದೆ ಎಂದು ಫೋಟೋ ಕಳಿಸುತ್ತಿದ್ದನಲ್ಲ, ಅಲ್ಲಿ ಕಾಗೆ ಇಲ್ಲವೇ?

ಇಲ್ಲಿ ನಮ್ಮ ಎಡೆ ಚೆನ್ನಾಗಿ ಆಯಿತು. ಚಿಂತೆ ಮಾಡಬೇಡ.

ದೇವೀರಮ್ಮ

*

ಸ್ನೊಕ್ವಾಲ್ಮಿ
೩೧ ಅಕ್ಟೋಬರ್ ೨೦೧೬

ಅತ್ತೆಯವರಿಗೆ ನಮಸ್ಕಾರಗಳು.

ಕಾಗೆ ಮುಟ್ಟಿತು.

ನೆನ್ನೆ ದೀಪಾವಳಿ ಅಮಾವಾಸ್ಯೆ, ಭಾನುವಾರ. ಡಬ್ಬಿ ಕಟ್ಟಿಕೊಂಡು ಅನುವನ್ನು ಕೂರಿಸಿಕೊಂಡು ಘಾಟಿ ದಾಟಿದೆ. ಇಲ್ಲಿ ಅದನ್ನು ಪಾಸ್ ಅನ್ನುತ್ತಾರೆ. ಮೇಲೆ ಹತ್ತುವವರೆಗೆ ಮಳೆ, ಮೋಡ, ದೊಡ್ಡ ಲಾರಿಗಳು ಎರಚುವ ನೀರು. ಆಚೆ ಇಳಿದರೆ ಯಾರೋ ನಲ್ಲಿ ತಿರುಗಿಸಿದಂತೆ ಮಳೆ ನಿಂತುಬಿಡುತ್ತದೆ. ಮರಗಳು ಮುಗಿಯುತ್ತವೆ. ಎರಡು ಗಂಟೆ ಡ್ರೈವ್ ಮಾಡಿದರೆ ನದಿಯ ಮೇಲಿನ ದಿಬ್ಬಗಳು, ಕರೀ ಬಂಡೆ, ಕಣ್ಣು ಹಾಯುವಷ್ಟು ದೂರ ಬೂದಿ ಬಣ್ಣದ ಸೇಜ್ ಪೊದೆ. ಅದೇ ಅವರು ಫೋಟೋ ಕಳಿಸುತ್ತಿದ್ದ ಜಾಗ, ಮರುಭೂಮಿಯ ರಕ್ಷಿತ ಪ್ರದೇಶ. ಪೊದೆಯ ಎಲೆ ಉಜ್ಜಿ ಮೂಸಿದರೆ ತಲೆನೋವಿನ ಮುಲಾಮಿನ ವಾಸನೆ.

ಮೊದಲ ಸಲ ಬಂದಾಗ ಕೇಶವ್ ಕಾರಿನಿಂದ ಇಳಿದು, "ನೋಡೇ, ನಮ್ಮ ಕಾವಲು ಇಲ್ಲಿಗೆ ಬಂದ್ಬಿಟ್ಟಿದೆ" ಅಂದಿದ್ದರು. ಕೃಷ್ಣಮೃಗ ಮಾತ್ರ ಇಲ್ಲ, ಅದರ ಬದಲು ಕಡವೆಗಿಂತ ದಪ್ಪನೆಯ ಎಲ್ಕ್ ಇವೆ. ಕಾಲಕ್ಕೊಮ್ಮೆ ನಾವು ಮೂವರೂ ಹೋಗುತ್ತಿದ್ದೆವು. ಕೆಂಟ್‌ನ ಆ ವಿಮಾನದ ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ವಾರವಿಡೀ ದುಡಿದು ಬಂದವರು ಅಲ್ಲಿ ಇಳಿದ ಕೂಡಲೇ ಚಿಕ್ಕ ಹುಡುಗನಾಗುತ್ತಿದ್ದರು.

ಕಾರು ನಿಲ್ಲಿಸುವ ಕಡೆ ಒಂದು ಬೇಲಿಗಂಬ ಇದೆ. ಅದರ ಬುಡದಲ್ಲಿ ಎಲೆ ಹಾಕಿ ಬಡಿಸಿದೆ. ತಿರುಗಿ ನೋಡುವಷ್ಟರಲ್ಲಿ ಕಂಬದ ಮೇಲೆ ಕಾಗೆ ಬಂದು ಕೂತಿತ್ತು. ದೊಡ್ಡದು ಅತ್ತೆ, ನಮ್ಮ ಕಾಗೆಯ ಎರಡರಷ್ಟು. ಇಳಿದು ಮೊದಲು ವಡೆ ಎತ್ತಿತು. ಅವರೂ ಮೊದಲು ವಡೆಯನ್ನೇ ಎತ್ತುತ್ತಿದ್ದುದು. ಅನು, "ಅಮ್ಮ, ದಟ್ಸ್ ನಾಟ್ ಎ ಕ್ರೋ, ದಟ್ಸ್ ಎ ರೇವನ್" ಅಂದಳು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಎಷ್ಟೋ ವಾರದ ಮೇಲೆ ಅತ್ತಿದ್ದು.

ಮಾತು ಕೊಟ್ಟೆನಾ ಎಂದು ನೀವು ಕೇಳುತ್ತೀರಿ. ಏನೋ ಅಂದೆ. ಅದನ್ನು ಬರೆಯಲಾರೆ.

ಪೂಜಿತಾ

*

ಕಡೂರು
೧೫ ನವೆಂಬರ್ ೨೦೧೬

ಚಿ. ಪೂಜಿತಾಳಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ರಮೇಶನ ಹೆಂಡತಿ ವಸಂತಲಕ್ಷ್ಮಿಗೂ ಓದಿಸಿದೆ. ದೊಡ್ಡ ಕಾಗೆಯಾದರೆ ಇನ್ನೂ ಒಳ್ಳೆಯದೇ, ನಮ್ಮ ಕೇಶವನೇನು ಸಣ್ಣ ಆಳೇ? ಮೊದಲು ವಡೆ ಎತ್ತಿತು ಎಂದೆಯಲ್ಲ, ಅಷ್ಟು ಸಾಕು ನನಗೆ.

ಏನು ಮಾತು ಕೊಟ್ಟೆ ಎಂದು ನೀನು ಬರೆಯದಿದ್ದರೂ ನನಗೆ ಗೊತ್ತಾಯಿತು. ಮೂವತ್ತು ವರ್ಷ ಸ್ಕೂಲಿನಲ್ಲಿ ಮಕ್ಕಳ ಮುಖ ಓದಿದವಳು ನಾನು. ಅವನಿಗೆ ಬೇಕಿದ್ದುದು ಒಂದೇ, ಮಗಳು ಅವನ ಊರಿನಲ್ಲಿ ಬೆಳೆಯಬೇಕು ಅನ್ನುವುದು. ನಾನು ನಿನಗೆ ಅವಸರ ಮಾಡುವುದಿಲ್ಲ.

ಇನ್ನು ಮೇಲೆ ಅಲ್ಲಿ ಕಾಗೆ ಮುಟ್ಟಿದ ಕೂಡಲೇ ರಮೇಶನ ಫೋನಿಗೆ ಒಂದು ಮೆಸೇಜ್ ಹಾಕು. ಸುಮ್ಮನೆ, ನನ್ನ ಸಮಾಧಾನಕ್ಕೆ.

ದೇವೀರಮ್ಮ

*

ಸ್ನೊಕ್ವಾಲ್ಮಿ
೩ ಜನವರಿ ೨೦೧೭

ಅತ್ತೆಯವರಿಗೆ ನಮಸ್ಕಾರಗಳು.

ಈ ಸಲ ಆಗಲಿಲ್ಲ. ಶನಿವಾರ ಹೊರಟೆವು, ಪಾಸಿನ ಕೆಳಗೇ ಪೊಲೀಸರು ತಡೆದರು. ಮೇಲೆ ಹಿಮ ಕುಸಿದು ರಸ್ತೆ ಮುಚ್ಚಿತ್ತು. ಕಾರಿನಲ್ಲೇ ಕಾದು ಕಾದು ವಾಪಸ್ಸು ಬಂದೆವು. ಹೆದ್ದಾರಿಯ ಪಕ್ಕ ಎಡೆ ಇಡೋಣ ಅಂದುಕೊಂಡೆ, ಮನಸ್ಸು ಬರಲಿಲ್ಲ. ವಡೆಯನ್ನು ಅನು ತಿಂದಳು.

ನವೆಂಬರಿನಲ್ಲಿ ಕಾಗೆ ಬಂದಿತ್ತು, ಜೋಡಿಯನ್ನೂ ಕರೆತಂದಿತ್ತು. ಮೆಸೇಜ್ ಮಾಡಿದ್ದೆನಲ್ಲ. ಈ ಸಲ ಮೆಸೇಜ್ ಮಾಡಲು ಏನೂ ಇರಲಿಲ್ಲ, ಅದಕ್ಕೇ ಮಾಡಲಿಲ್ಲ. ಆಫೀಸಿನಲ್ಲಿ ಕೆಲಸ ಜಾಸ್ತಿ. ಬಹಳ ಸುಸ್ತು.

ಪೂಜಿತಾ

*

ಕಡೂರು
೧೮ ಜನವರಿ ೨೦೧೭

ಚಿ. ಪೂಜಿತಾಳಿಗೆ ಆಶೀರ್ವಾದಗಳು.

ಹಿಮ ಬಿದ್ದರೆ ನೀನೇನು ಮಾಡುತ್ತೀಯ? ನಾವು ಕ್ಷೇಮ. ಸಂಕ್ರಾಂತಿಗೆ ಎಳ್ಳು ಬೀರಲಿಲ್ಲ, ವರ್ಷ ತುಂಬಲಿ ಎಂದು. ಮಳೆ ಕೈಕೊಟ್ಟ ವರ್ಷ, ಕಾವಲಿನಲ್ಲಿ ಹುಲ್ಲು ಈಗಲೇ ಬೆಳ್ಳಗಾಗಿದೆ. ಕೃಷ್ಣಮೃಗಗಳು ರಸ್ತೆಯ ತನಕ ಬರುತ್ತಿವೆಯಂತೆ. ನಾನು ಚೆನ್ನಾಗಿದ್ದೇನೆ.

ದೇವೀರಮ್ಮ

ಅತ್ತಿಗೆ, ಅಮ್ಮ ಪೋಸ್ಟಿಗೆ ಹಾಕು ಎಂದು ಕೊಟ್ಟದ್ದರ ಕೆಳಗೆ ನಾನು ಬರೆಯುತ್ತಿದ್ದೇನೆ, ಅವರಿಗೆ ಹೇಳಬೇಡಿ. ಅಮ್ಮ ಚೆನ್ನಾಗಿಲ್ಲ. ಇಲ್ಲಿ ಅಣ್ಣನ ಎಡೆಯನ್ನು ಕಾಗೆ ಒಂದು ಸಲವೂ ಮುಟ್ಟಿಲ್ಲ, ಮಹಾಲಯದಲ್ಲೂ ಮುಟ್ಟಲಿಲ್ಲ. ಅಮಾವಾಸ್ಯೆಗೆ ನಿಮ್ಮ ಮೆಸೇಜ್ ಬಂದ ಮೇಲೇ ಅಮ್ಮ ಊಟಕ್ಕೆ ಕೂರುವುದು. ಈ ಸಲ ಬರಲಿಲ್ಲವಲ್ಲ, ಮೂರನೇ ದಿನ ಬಚ್ಚಲಲ್ಲಿ ಬಿದ್ದರು. ಡ್ರಿಪ್ ಹಾಕಿಸಿದೆವು. ನಿಮಗೆ ಕಷ್ಟ ಅಂತ ಗೊತ್ತು. ಆದರೂ ದಯವಿಟ್ಟು ಒಂದು ಮೆಸೇಜ್ ಹಾಕಿಬಿಡಿ. — ರಮೇಶ್

*

ಸ್ನೊಕ್ವಾಲ್ಮಿ
೨೭ ಫೆಬ್ರವರಿ ೨೦೧೭

ಅತ್ತೆಯವರಿಗೆ ನಮಸ್ಕಾರಗಳು.

ನೆನ್ನೆಯ ಮೆಸೇಜ್ ಸಿಕ್ಕಿತಲ್ಲ? ಊಟ ಮಾಡಿದಿರಾ?

ಈ ಸಲವೂ ಪಾಸ್ ತೆರೆಯುತ್ತದೋ ಇಲ್ಲವೋ ಎಂದು ಬೆಳಗಿನಿಂದ ಫೋನ್ ನೋಡಿ ನೋಡಿ ಕಣ್ಣು ಉರಿದವು. ಟೈರಿಗೆ ಚೈನ್ ಕಟ್ಟಬೇಕು. ಅದನ್ನು ಕಟ್ಟುತ್ತಿದ್ದವರು ಕೇಶವ್. ಹಿಮದಲ್ಲಿ ಮಂಡಿಯೂರಿ ನಾನೇ ಕಟ್ಟಿದೆ, ಅನು ಫೋನಿನಲ್ಲಿ ವಿಡಿಯೋ ಹಿಡಿದು ತೋರಿಸುತ್ತಿದ್ದಳು. ಕೈಬೆರಳು ಇನ್ನೂ ನೋಯುತ್ತಿವೆ.

ಆಚೆ ಕಡೆ ಬಿಸಿಲಿತ್ತು. ಹಿಮ ಕರಗಿದ ಕಡೆ ನರಿಯಂತಹ ಕಯೋಟಿಯ ಹೆಜ್ಜೆ. ಬೇಲಿಗಂಬದ ಮೇಲೆ ಜೋಡಿ ಕಾಗೆಗಳು ಆಗಲೇ ಕೂತಿದ್ದವು. ನಮ್ಮ ಕಾರನ್ನು ಗುರುತು ಹಿಡಿದಿವೆ ಅತ್ತೆ, ದೂರದಿಂದಲೇ ಎದ್ದು ಬಂದು ಮೇಲೆ ಸುತ್ತುತ್ತವೆ. ಮುದ್ದೆಯನ್ನೂ ಬಿಡಲಿಲ್ಲ. ಅನು ಅವುಗಳ ಹತ್ತಿರ ಸ್ಕೂಲಿನ ಕಥೆಯೆಲ್ಲ ಹೇಳುತ್ತಿದ್ದಳು. ನಾನು ಕಾರಿಗೆ ಒರಗಿ ಕಣ್ಣು ಮುಚ್ಚಿದೆ. ಇದೊಂದು ಜಾಗದಲ್ಲಿ ನನಗೆ ಉಸಿರು ಸಲೀಸಾಗಿ ಬರುತ್ತದೆ.

ಮುಂದಿನ ತಿಂಗಳು ತಪ್ಪಿಸುವುದಿಲ್ಲ. ನೀವು ಸಮಯಕ್ಕೆ ಸರಿಯಾಗಿ ಊಟ ಮಾಡಿ.

ಪೂಜಿತಾ

*

ಕಡೂರು
೩೦ ಮಾರ್ಚ್ ೨೦೧೭

ಚಿ. ಪೂಜಿತಾಳಿಗೆ ಆಶೀರ್ವಾದಗಳು.

ಯುಗಾದಿಯ ಬೇವು-ಬೆಲ್ಲ ತಿಂದು ಬರೆಯುತ್ತಿದ್ದೇನೆ. ನೀನು ಎರಡೆರಡು ಸಲ ಊಟದ ವಿಷಯ ಕೇಳಿದ್ದೀಯ. ರಮೇಶ ಬಾಯಿ ಬಿಟ್ಟಿದ್ದಾನೆ, ಬೈದಿದ್ದೇನೆ. ಬಾಯಿ ಬಿಟ್ಟರೆ ಬಣ್ಣಗೇಡು ಅವನದು. ತಾಯಿ ಮೊದಲು ಉಂಡು ಮಗ ಆಮೇಲೆ ಉಣ್ಣುವುದು ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ, ಅಷ್ಟೇ ವಿಷಯ.

ನಿನಗೊಂದು ಸಂತೋಷದ ಸುದ್ದಿ. ಮಾಳಿಗೆಯ ರೂಮಿಗೆ ಬಣ್ಣ ಹೊಡೆಸಿದೆ, ಅನುಶ್ರೀಗೆ ಇಷ್ಟ ಎಂದು ತಿಳಿ ನೀಲಿ. ಕಿಟಕಿಯಿಂದ ಕಾವಲು ಕಾಣುತ್ತದೆ. ಇಂಗ್ಲಿಷ್ ಮೀಡಿಯಂ ಸ್ಕೂಲಿನ ಹೆಡ್‌ಮಿಸ್ ನನ್ನ ಹಳೇ ಶಿಷ್ಯೆ, ಯಾವಾಗ ಬಂದರೂ ಸೀಟು ಕೊಡುತ್ತೇನೆ ಅಂದಿದ್ದಾಳೆ. ಕೊಟ್ಟ ಮಾತನ್ನು ನೀನು ಮರೆಯುವವಳಲ್ಲ ಎಂದು ನನಗೆ ಗೊತ್ತು.

ದೇವೀರಮ್ಮ

*

ಸ್ನೊಕ್ವಾಲ್ಮಿ
೧ ಮೇ ೨೦೧೭

ಅತ್ತೆಯವರಿಗೆ ನಮಸ್ಕಾರಗಳು.

ಶನಿವಾರ ಹೋಗಿದ್ದೆವು. ಕಾಗೆ ಬಂತು. ಎಡೆ ಮುಟ್ಟಿತು. ಮೆಸೇಜ್ ಮಾಡಿದ್ದೆ.

ರೂಮಿನ ವಿಷಯ ಆಮೇಲೆ ಬರೆಯುತ್ತೇನೆ.

ಪೂಜಿತಾ

*

ಕಡೂರು
೨ ಜೂನ್ ೨೦೧೭

ಚಿ. ಪೂಜಿತಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ನೋಡಿದರೆ ಟೆಲಿಗ್ರಾಮ್ ಕಾಲ ನೆನಪಾಯಿತು. ಮೊದಲೆಲ್ಲ ಹಿಮ, ನರಿ, ಬಿಸಿಲು ಎಂದು ಬರೆಯುತ್ತಿದ್ದೆ. ಈಗ ಅಲ್ಲಿ ವಸಂತ ಅಲ್ಲವೇ, ಹೂವಿಲ್ಲವೇ? ಅನುಶ್ರೀ ಕಾಗೆಗೆ ಏನು ಕಥೆ ಹೇಳಿದಳು? ಈ ಅಮಾವಾಸ್ಯೆಯ ಮೆಸೇಜಿನಲ್ಲೂ ಎರಡೇ ಪದ, 'ಕಾಗೆ ಬಂತು' ಎಂದು.

ರೂಮಿನ ಮಾತು ಎತ್ತಿದ್ದಕ್ಕೆ ಬೇಜಾರಾಯಿತೇ? ಆದರೆ ಆಗಲಿ, ಮೌನ ಮಾತ್ರ ಬೇಡ. ಮೌನದಲ್ಲಿ ಮುದುಕಿಯರು ಏನೇನೋ ಕಲ್ಪಿಸಿಕೊಳ್ಳುತ್ತಾರೆ.

ದೇವೀರಮ್ಮ

*

ಸ್ನೊಕ್ವಾಲ್ಮಿ
೨೫ ಜೂನ್ ೨೦೧೭

ಅತ್ತೆ,

ನಮಸ್ಕಾರ. ನಿನ್ನೆ ಅಮಾವಾಸ್ಯೆ. 'ಕಾಗೆ ಬಂತು' ಎಂದು ಮೆಸೇಜ್ ಹಾಕಿದೆ. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಎಲ್ಲಿಗೂ ಹೋಗಿರಲಿಲ್ಲ, ಎಡೆಯನ್ನೂ ಇಟ್ಟಿರಲಿಲ್ಲ. ಮೇ ತಿಂಗಳಲ್ಲೂ ಹಾಗೇ ಮಾಡಿದೆ. ಹಾಕದಿದ್ದರೆ ನೀವು ಉಣ್ಣುವುದಿಲ್ಲ. ಹಾಕಿದರೆ ನನಗೆ ತುತ್ತು ಇಳಿಯುವುದಿಲ್ಲ. ಇನ್ನು ನನ್ನ ಕೈಲಿ ಆಗುವುದಿಲ್ಲ, ಎಲ್ಲ ಹೇಳಿಬಿಡುತ್ತೇನೆ.

ಏಪ್ರಿಲ್ ಕೊನೆಯಲ್ಲಿ ನಿಜವಾಗಿಯೂ ಹೋಗಿದ್ದೆವು. ದಿಬ್ಬದ ತುಂಬ ಸೂರ್ಯಕಾಂತಿಯಂತಹ ಹಳದಿ ಹೂವು. ಕಾಗೆಗಳು ಬಂದು ಅರ್ಧ ಉಂಡಿದ್ದವು. ಆಗ ಡಯೇನ್ ಎಂಬ ಹೆಂಗಸು ಜೀಪಿನಲ್ಲಿ ಬಂದಳು, ಆ ಪ್ರದೇಶ ನೋಡಿಕೊಳ್ಳುವವಳು. ನಾನು ಡಬ್ಬಿಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅವಳು, "ಯಾರೋ ಇಲ್ಲಿ ರೇವನ್‌ಗಳಿಗೆ ಊಟ ಹಾಕುತ್ತಿದ್ದಾರೆ, ನೀವು ಕಂಡಿರಾ?" ಎಂದು ಕೇಳಿದಳು. ನಾನು ಇಲ್ಲ ಅನ್ನುವ ಮೊದಲೇ ಅನು ಅಂದಳು: "ಇಟ್ಸ್ ಅಸ್. ಇಟ್ಸ್ ಫಾರ್ ಮೈ ಡ್ಯಾಡ್. ಹಿ ಡೈಡ್."

ಡಯೇನ್ ಟೋಪಿ ತೆಗೆದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಮ್ಮನ್ನು ಪೊದೆಗಳ ನಡುವೆ ಕರೆದುಕೊಂಡು ಹೋದಳು. ಅಲ್ಲಿ ಸೇಜ್ ಕೋಳಿ ಎಂಬ ಹಕ್ಕಿ ಇದೆ, ನಾಟಿಕೋಳಿಗಿಂತ ದೊಡ್ಡದು, ನೆಲದ ಮೇಲೇ ಗೂಡು. ಎರಡು ವರ್ಷದ ಹಿಂದೆ ಮಾರ್ಚ್‌ನಲ್ಲಿ ಮುಂಜಾನೆಯ ಚಳಿಯಲ್ಲಿ ಕೇಶವ್ ಅನುವನ್ನು ಹೆಗಲ ಮೇಲೆ ಹೊತ್ತು ಅದರ ಕುಣಿತ ತೋರಿಸಿದ್ದರು. ಗಂಡುಗಳು ಎದೆ ಉಬ್ಬಿಸಿಕೊಂಡು ಕುಣಿಯುತ್ತವೆ. ಮನೆಗೆ ಬಂದ ಮೇಲೆ ಅವರೂ ಅಂಗಿಯೊಳಗೆ ದಿಂಬು ಸಿಕ್ಕಿಸಿಕೊಂಡು ಕುಣಿದು ನಮ್ಮನ್ನು ನಗಿಸಿದ್ದರು. ಈಗ ಆ ಹಕ್ಕಿಗಳು ಬೆರಳೆಣಿಕೆಯಷ್ಟು ಉಳಿದಿವೆಯಂತೆ.

ಒಂದು ಪೊದೆಯ ಕೆಳಗೆ ಗೂಡಿತ್ತು. ಮೊಟ್ಟೆಯ ಚೂರುಗಳು ಮಾತ್ರ ಇದ್ದವು. ಇನ್ನೊಂದು ಕಡೆಯೂ ಅದೇ. ಆ ಜೋಡಿ ಕಾಗೆಗಳು ಚಳಿಗಾಲದಲ್ಲಿ ಅಲ್ಲಿಂದ ಹೊರಟುಹೋಗಬೇಕಿತ್ತಂತೆ. ಊಟ ಸಿಗುತ್ತದೆ ಎಂದು ಉಳಿದವು, ಅಲ್ಲೇ ಗೂಡು ಕಟ್ಟಿದವು. ನಾವು ಬರದ ದಿನ ಹುಡುಕಿಕೊಂಡು ಪೊದೆಗಳಿಗೆ ನುಗ್ಗಿದವು. ನನ್ನ ವಡೆ ತಿಂದು ಬಲಿತ ಕಾಗೆಗಳು ಅತ್ತೆ.

ವಾಪಸ್ಸು ಬರುವಾಗ ಅನು ಕಾರಿನಲ್ಲಿ ಅಳುತ್ತಾ ಕೇಳಿದಳು: "ಡಿಡ್ ಅಪ್ಪ ಈಟ್ ದ ಬೇಬೀಸ್?" ನಾನು ರಸ್ತೆಯ ಪಕ್ಕ ಕಾರು ನಿಲ್ಲಿಸಬೇಕಾಯಿತು. ಅವಳಿಗೆ ಆ ಕಾಗೆ ಅಪ್ಪ ಎಂದು ಹೇಳಿಕೊಟ್ಟವಳು ನಾನೇ.

ಇನ್ನೊಂದು ವಿಷಯ. ನಾನು ಯಾವ ಮಾತನ್ನೂ ಕೊಟ್ಟಿರಲಿಲ್ಲ. ದೀಪಾವಳಿಯ ದಿನ ಆ ಕಾಗೆ ಕಂಬದ ಮೇಲೆ ಕೂತು ಯೋಚನೆ ಮಾಡುತ್ತಿತ್ತು. ಕತ್ತಲಾಗುತ್ತಿತ್ತು, ಮಳೆಯಲ್ಲಿ ಪಾಸ್ ದಾಟಬೇಕಿತ್ತು, ಮರುದಿನ ಆಫೀಸು. ನಾನು, "ಬೇಗ ತಿನ್ನು ಮಾರಾಯ, ಸಾಕಾಗಿದೆ ನಂಗೆ" ಅಂದೆ. ಅಷ್ಟೇ ಅಂದದ್ದು. ಅಷ್ಟಕ್ಕೇ ಇಳಿಯಿತು. ನೀವು ಅದರ ಮೇಲೆ ರೂಮಿಗೆ ಬಣ್ಣ ಹೊಡೆಸಿದಿರಿ. ಬೇಡ ಎಂದು ಬರೆಯುವ ಧೈರ್ಯ ನನಗೆ ಬರಲಿಲ್ಲ. ಅನು ಇಲ್ಲಿ ಹುಟ್ಟಿದವಳು. ಅವಳ ಅಪ್ಪ ಅವಳಿಗೆ ತೋರಿಸಿಕೊಟ್ಟ ಜಾಗ ಬೆಟ್ಟದಾಚೆಗಿದೆ. ಮುಂದಿನ ವಸಂತಕ್ಕೆ ಡಯೇನ್ ಜೊತೆ ಕೋಳಿ ಎಣಿಸಲು ಬರುತ್ತೇನೆಂದು ಹೇಳಿಬಿಟ್ಟಿದ್ದಾಳೆ. ನಾನು ಅವಳನ್ನು ಅಲ್ಲಿಂದ ಕಿತ್ತು ತರಲಾರೆ.

ಮುಂದಿನ ತಿಂಗಳು ವರ್ಷ ತುಂಬುತ್ತದೆ. ನಾನು ಎಡೆ ಇಡುವುದಿಲ್ಲ, ಮೆಸೇಜೂ ಹಾಕುವುದಿಲ್ಲ. ನೀವು ಅವತ್ತು ಉಪವಾಸ ಕೂತರೆ ಆ ಪಾಪ ನನ್ನದೇ, ಗೊತ್ತು. ಕ್ಷಮಿಸಿ ಎಂದು ಕೇಳುವುದಕ್ಕೂ ಸುಸ್ತಾಗಿದೆ ಅತ್ತೆ.

ಪೂಜಿತಾ

*

ಕಡೂರು
೩೦ ಜುಲೈ ೨೦೧೭

ಮಗಳೇ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲ, ಕೋಪ ಬಂದಿತ್ತು. ಮಗನ ಹೆಸರಿನಲ್ಲಿ ನನಗೆ ಸುಳ್ಳು ಹೇಳಿದಳಲ್ಲ ಎಂದು ಮನೆಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ರಮೇಶ ನನ್ನನ್ನು ಕಂಡರೆ ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದ.

ಆಮೇಲೆ ಕೇಶವ ಎರಡನೇ ಕ್ಲಾಸಿನಲ್ಲಿದ್ದಾಗಿನ ಒಂದು ದಿನ ನೆನಪಾಯಿತು. ಕಾವಲಿನಿಂದ ಕೌಜುಗದ ಮೊಟ್ಟೆಗಳನ್ನು ಚಡ್ಡಿ ಜೇಬಿನಲ್ಲಿ ಹಾಕಿಕೊಂಡು ಬಂದಿದ್ದ. ಎರಡು ಅಲ್ಲೇ ಒಡೆದುಹೋಗಿದ್ದವು. ಕೆನ್ನೆಗೆ ಬಾರಿಸಿ, ಉಳಿದದ್ದನ್ನು ಸಂಜೆಯೊಳಗೆ ವಾಪಸ್ಸು ಇಡಿಸಿದೆ. ಹುಡುಗ ಮರುದಿನ, ಅದರ ಮರುದಿನ ಹೋಗಿ ನೋಡಿಕೊಂಡು ಬಂದ. ತಾಯಿಹಕ್ಕಿ ತಿರುಗಿ ಬರಲಿಲ್ಲ. ಅವನು ಊಟ ಬಿಟ್ಟ. ಆಮೇಲೆ ಯಾವತ್ತೂ ಒಂದು ಹಕ್ಕಿಗೂ ಕಲ್ಲು ಎಸೆದವನಲ್ಲ. ಅಂಥವನಿಗೆ ನಾವಿಬ್ಬರೂ ಸೇರಿ ಎಂಥ ಊಟ ಬಡಿಸಿದೆವು ಪೂಜಿತಾ. ಅನುಶ್ರೀಗೆ ಹೇಳು, ಅದು ಅಪ್ಪ ಅಲ್ಲ. ಅಪ್ಪ ಆಗಿದ್ದರೆ ಮೊಟ್ಟೆ ಮುಟ್ಟುತ್ತಿರಲಿಲ್ಲ. ಅಜ್ಜಿ ಹೇಳಿದಳು ಎಂದು ಹೇಳು, ನಾನು ಹೆತ್ತವಳು.

ನಿನ್ನೆ ವರ್ಷ ತುಂಬಿತು. ಮಾಳಿಗೆಯ ಮೇಲೆ ಎಡೆ ಇಟ್ಟೆವು. ರಮೇಶ, ವಸಂತಲಕ್ಷ್ಮಿ ಎಲ್ಲ ಮರೆಯಲ್ಲಿ ನಿಂತು ಕಾದರು. ಕಾಗೆ ಬರಲಿಲ್ಲ. ಬಿಸಿಲು ಏರಿತು. ವಸಂತಲಕ್ಷ್ಮಿ ಹೆದರಿ ನಿನಗೆ ಫೋನ್ ಮಾಡಿ ಏನಾದರೂ ಹೇಳಿಸೋಣ ಅಂದಳಂತೆ. ನಾನು ಅವರನ್ನೆಲ್ಲ ಕೆಳಗೆ ಕಳಿಸಿದೆ.

ವರ್ಷವಿಡೀ ಮಾತು ಕೊಡು, ಮಾತು ಕೊಡು ಎಂದು ನಿನ್ನನ್ನು ಕಾಡಿದೆ. ಮಾತು ಕೊಡಬೇಕಾದವಳು ಯಾರು ಎಂದು ನನಗೆ ಹೊಳೆದಿರಲಿಲ್ಲ. ಎಲೆಯ ಮುಂದೆ ನಿಂತು ಜೋರಾಗಿಯೇ ಅಂದೆ: "ಕೇಶವಾ, ನಿನ್ ಹೆಂಡ್ತಿ ಮಗೂನ ನಾನು ಕರೆಯಲ್ಲ ಕಣಪ್ಪಾ. ಎಲ್ಲಿ ಉಸಿರಾಡಕ್ಕೆ ಆಗುತ್ತೋ ಅಲ್ಲೇ ಇರ್ಲಿ. ಬೇಕಾದಾಗ ಬಂದು ಹೋಗ್ಲಿ. ಅವಳು ದಣಿದಿದಾಳೆ, ಇನ್ನು ನಾನು ದಣಿಸಲ್ಲ." ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಒಣಗಿಸುತ್ತಿದ್ದವಳು ತಿರುಗಿ ನೋಡಿದಳು. ನೋಡಿದರೆ ನೋಡಲಿ.

ಹೇಳಿ ಮುಗಿಸಿ ಕೆಳಗೆ ಇಳಿದುಬಿಟ್ಟೆ. ಕಾಗೆ ಬಂತೋ ಇಲ್ಲವೋ ನಾನು ನೋಡಲಿಲ್ಲ. ಆಮೇಲೆ ರಮೇಶ ಹತ್ತಿ ಹೋಗಿ ನೋಡಿಕೊಂಡು ಬಂದು ಏನೋ ಹೇಳಲು ಬಾಯಿ ತೆರೆದ. ಬೇಡ ಅಂದೆ. ತಟ್ಟೆ ಹಾಕಿಸಿಕೊಂಡು ಉಂಡೆ. ಮುದ್ದೆ ಮುರಿದು ಮೊದಲ ತುತ್ತು ಬಾಯಿಗಿಡುವಾಗ ಮಾಳಿಗೆಯ ಮೆಟ್ಟಿಲ ಕಡೆ ಒಮ್ಮೆ ನೋಡಿದೆ, ಮಗನಿಗಿಂತ ಮುಂಚೆ ಉಣ್ಣುತ್ತಿದ್ದೇನಲ್ಲ ಎಂದು. ಎರಡನೇ ತುತ್ತಿಗೆ ಅಭ್ಯಾಸವಾಯಿತು. ಬಹಳ ಹಸಿವಾಗಿತ್ತು ಕಣೇ.

ನೀಲಿ ಬಣ್ಣ ಹಾಗೇ ಇರಲಿ, ರಜೆಗೆ ಬಂದಾಗ ಅನುಶ್ರೀ ಮಲಗುತ್ತಾಳೆ. ಕಾವಲಿನ ಕೌಜುಗಗಳನ್ನು ಎಣಿಸಿಕೊಟ್ಟು ಹೋಗಲಿ. ನೀವು ಆ ಜಾಗಕ್ಕೆ ಹೋಗುವುದನ್ನು ನಿಲ್ಲಿಸಬೇಡಿ. ಬರಿಗೈಯಲ್ಲಿ ಹೋಗಿ, ಕಾರಿನ ಗಾಜು ಏರಿಸಿಕೊಂಡು ಒಳಗೇ ಕೂತು ಊಟ ಮಾಡಿ. ಒಂದು ಅಗುಳೂ ಹೊರಗೆ ಬೀಳಬಾರದು.

ಈ ಕಾಗದ ತಲುಪಿದಾಗ ಎಷ್ಟು ಹೊತ್ತೋ, ಎಂಥ ಮಳೆಯೋ. ನಾನು ಉಂಡಿದ್ದೇನೆ. ನೀನು ಉಣ್ಣು.

ನಿನ್ನ ಅತ್ತೆ
ದೇವೀರಮ್ಮ